ಮೊದಲು ಗೊಜ್ಜು, ಆಮೇಲೆ ಮಿಠಾಯಿ

ನಮ್ಮೂರಲ್ಲಿ ಮದುವೆ ಆಗಬೇಕಾದರೆ ಹುಡುಗ ಹುಡುಗಿ ಒಪ್ಪಿದರೆ ಸಾಲದು, ಅಡುಗೆ ಪುಟ್ಟರಂಗಯ್ಯನೂ ಒಪ್ಪಬೇಕು ಅಂತ ಜನ ತಮಾಷೆ ಮಾಡುತ್ತಿದ್ದ ಕಾಲವೊಂದಿತ್ತು. ಆ ಪುಟ್ಟರಂಗಯ್ಯ ನಾನೇ. ಜಂಬ ಅಂದುಕೊಂಡರೆ ಅಂದುಕೊಳ್ಳಿ, ಮುನ್ನೂರು ಜನರ ಹುಳಿಗೆ ಒಂದು ಚಿಟಿಕೆ ಇಂಗು ಕಡಿಮೆ ಬಿದ್ದಿದ್ದರೂ ನನ್ನ ನಾಲಗೆಗೆ ಗೊತ್ತಾಗುತ್ತಿತ್ತು. ಅಂಥ ನಾಲಗೆಯನ್ನು ಈ ಸಲ ವಿಜಯದಶಮಿಯ ಮಾರನೆಯ ದಿನ, ಬುದ್ಧಿ ನೆಟ್ಟಗಿದ್ದೇ, ಡಬ್ಬಿಗೆ ತುಂಬಿ ಕಡಲಾಚೆಗೆ ಕಳಿಸಿಬಿಟ್ಟೆ.

ನಮ್ಮೂರಿನ ರೀತಿಯೇ ಹಾಗೆ. ಕಡಲಾಚೆ ದಂಡಿನಲ್ಲಿರುವ ಮಕ್ಕಳಿಗೆ ದೀಪಾವಳಿಗೆಂದು ಮನೆಯಿಂದ ಏನು ಮಾಡಿ ಕಳಿಸುತ್ತೇವೋ ಅದರ ರುಚಿ, ಮಾಡಿದವರ ನಾಲಗೆಯಿಂದ ಹೊರಟುಹೋಗುತ್ತದೆ. ಹಡಗು ದಡ ಬಿಟ್ಟಾಗ ಹೋದದ್ದು, ಅಲ್ಲಿ ಅದರ ಮೊದಲ ತುತ್ತು ಬಾಯಿಗೆ ಬಿದ್ದ ಗಳಿಗೆಗೆ ಇಲ್ಲಿ ವಾಪಸು ಬರುತ್ತದೆ. ಉಂಡೆ ಕಳಿಸಿದವರಿಗೆ ಅಲ್ಲಿಯವರೆಗೆ ಸಿಹಿ ಇಲ್ಲ. ಉಪ್ಪಿನಕಾಯಿ ಕಳಿಸಿದರೆ ಉಪ್ಪೂ ಇಲ್ಲ, ಹುಳಿಯೂ ಇಲ್ಲ, ಖಾರವೂ ಇಲ್ಲ. ಅದಕ್ಕೇ ಉಪ್ಪಿನಕಾಯಿ ಯಾರೂ ಕಳಿಸುವುದಿಲ್ಲ. ಹಬ್ಬಕ್ಕೆ ಮುಂಚಿನ ಆ ಇಪ್ಪತ್ತು ದಿನ ಹೆಂಗಸರು ಸೌಟು ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ, "ಸ್ವಲ್ಪ ನಾಲಗೆ ಕೊಡ್ರೀ, ಬೆಲ್ಲ ಸಾಕಾ ನೋಡಿ" ಅನ್ನುವುದು ಮೊಸರಿಗೆ ಹೆಪ್ಪು ಕೇಳಿದಷ್ಟೇ ಸಹಜ. ಆಮೇಲೆ ಒಂದೊಂದೇ ಮನೆಯಿಂದ "ಬಂತು ಕಣ್ರೇ, ಬಂತು!" ಅಂತ ಕೂಗು ಕೇಳಿಸುತ್ತದೆ. ಕೂಗಿದವರು ಬೀದಿಗೆಲ್ಲ ಸಕ್ಕರೆ ಹಂಚುತ್ತಾರೆ. ಅಂದರೆ ಅವರ ಮಗು ಇದೆ, ಉಂಡಿದೆ.

ಬಾರದೇ ಹೋದ ಮನೆಗಳೂ ಇವೆ. ನಮ್ಮ ಬೀದಿಯ ಗಿರಿಯಮ್ಮನಿಗೆ ಸಿಹಿ ಹೋಗಿ ಆರು ವರ್ಷವಾಯಿತು. ಮಗನ ವಿಷಯದ ಕಾಗದ ಬಂದದ್ದು ಆಮೇಲೆ, ಅವಳಿಗೆ ಮೊದಲೇ ಗೊತ್ತಿತ್ತು. ಅವಳ ಮನೆಗೆ ಹೋದರೆ ಕಾಫಿಗೆ ಆರು ಚಮಚ ಸಕ್ಕರೆ ಸುರಿದು ಕೊಡುತ್ತಾಳೆ, ಪಾಪ, ಬಂದವರಿಗೆ ಕಡಿಮೆಯಾಗಬಾರದು ಅಂತ. ಯಾರೂ ತುಟಿಪಿಟಕ್ಕೆನ್ನದೆ ಕುಡಿಯುತ್ತಾರೆ. ಇಷ್ಟು ವರ್ಷದಲ್ಲಿ ಒಬ್ಬರೂ ಅವಳಿಗೆ ಹೇಳಿಲ್ಲ.

ಇದಕ್ಕಿಂತ ಕೆಟ್ಟದ್ದು ಮೂಲೆಮನೆ ನಂಜುಂಡಶೆಟ್ಟರದು. ಅವರಿಗೆ ರುಚಿ ಬಂತು. ಸಕ್ಕರೆ ಹಂಚಿದರು, ಪಟಾಕಿ ಹೊಡೆದರು. ತಿಂಗಳ ಮೇಲೆ ಮಗನ ಜೊತೆಯವನೊಬ್ಬನಿಂದ ಕಾಗದ ಬಂತು: ನಿಮ್ಮ ಮಗ ತೀರಿಕೊಂಡ ಮೇಲೆ ಡಬ್ಬಿ ಬಂತು, ನಾವೇ ಹಂಚಿಕೊಂಡೆವು, ನಿಮ್ಮ ರವೆ ಉಂಡೆ ತುಂಬಾ ಚೆನ್ನಾಗಿತ್ತು. ಯಾವ ಬಾಯಿಯಾದರೂ ಸರಿ, ಮೊದಲ ತುತ್ತು ಬಿದ್ದರೆ ರುಚಿ ಬಂದುಬಿಡುತ್ತದೆ ಅಂತ ಊರಿಗೆ ಗೊತ್ತಾದದ್ದೇ ಆವತ್ತು. ಅಲ್ಲಿಂದೀಚೆಗೆ ಪ್ರತಿ ಡಬ್ಬಿಯೊಳಗೂ ಒಂದು ಚೀಟಿ ಹಾಕುತ್ತೇವೆ, ಮೊದಲ ತುತ್ತು ನೀನೇ ತಿನ್ನು ಅಂತ. ಚೀಟಿಯನ್ನು ಓದುವವರು ಯಾರು ಅಂತ ಚೀಟಿಗೇನು ಗೊತ್ತು?

ನಮ್ಮ ಮಗಳು ವಾರಿಜ ದಂಡಿನಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಾಳೆ. ಹೋಗಿ ಮೂರು ವರ್ಷ. ಎರಡು ದೀಪಾವಳಿಗೂ ನನ್ನ ಹೆಂಡತಿ ಅಲಮೇಲು ಕೊಬ್ಬರಿ ಮಿಠಾಯಿ ಮಾಡಿ ಕಳಿಸಿದ್ದಳು, ಎರಡು ಸಲವೂ ಹಬ್ಬಕ್ಕೆ ಮುಂಚೆಯೇ ಅವಳ ಸಿಹಿ ಅವಳಿಗೆ ಬಂದಿತ್ತು. ನಾನು ಕಳಿಸುವ ಹಾಗಿರಲಿಲ್ಲ. ಅಡುಗೆಯವರಿಗೆ ಊರೇ ವಿನಾಯಿತಿ ಕೊಟ್ಟಿದೆ, ನಮ್ಮ ನಾಲಗೆ ಹೋದರೆ ಊರಿನ ಮದುವೆ ಮುಂಜಿ ಕೆಡುತ್ತವಲ್ಲ. ಈ ಸಲ ವಾರಿಜ ಬರೆದಿದ್ದಳು: "ಅಪ್ಪಾ, ಇಲ್ಲಿ ದಿನಾ ಡಬ್ಬದ ಊಟ. ನಿನ್ನ ಪುಳಿಯೋಗರೆ ಗೊಜ್ಜು ನೆಕ್ಕಿ ಮೂರು ವರ್ಷ ಆಯ್ತು. ಕಳಿಸು ಅಂತಿಲ್ಲ, ನಿನ್ನ ಕೆಲಸ ಕೆಡುತ್ತೆ. ಸುಮ್ನೆ ಹೇಳ್ದೆ ಅಷ್ಟೆ." ಈ ಸುಮ್ಮನೆ ಹೇಳುವ ವಿದ್ಯೆ ಅವಳಿಗೆ ಅವರಮ್ಮನಿಂದ ಬಂದದ್ದು. ಕಾಗದ ಓದಿ ಮುಗಿಸುವ ಹೊತ್ತಿಗೆ ನಾನು ಹುಣಸೆಹಣ್ಣು ನೆನೆಹಾಕಿದ್ದೆ.

ಡಬ್ಬಿಗಳಿಗೆ ಬಟ್ಟೆ ಹೊಲಿದು ಅರಗಿನ ಮುದ್ರೆ ಒತ್ತುವುದು ಛತ್ರದ ಜಗಲಿಯಲ್ಲಿ. ಆರು ವರ್ಷದಿಂದ ಆ ಕೆಲಸ ಗಿರಿಯಮ್ಮನದೇ. ಅವಳು ನಮ್ಮ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಒಂದು ಕಡೆ ಮಿಠಾಯಿ, ಇನ್ನೊಂದು ಕಡೆ ಗೊಜ್ಜಿನ ಭರಣಿ.

"ಇದ್ಯಾರು ಮಾಡಿದ್ದು ರಂಗಯ್ಯ?"

"ನಾನೇ."

"ತಲೆ ನೆಟ್ಟಗಿದೆಯೇನಪ್ಪಾ? ಉಪ್ಪು, ಹುಳಿ, ಖಾರ, ಬೆಲ್ಲ, ಮೆಂತ್ಯ... ಒಂದನ್ನಾದ್ರೂ ನಿನಗೇಂತ ಇಟ್ಕೊಂಡಿದ್ದೀಯಾ? ಅಕಸ್ಮಾತ್..." ಅಂದವಳು ನಾಲಗೆ ಕಚ್ಚಿಕೊಂಡಳು.

"ಹೊಲೀರಿ ಗಿರಿಯಮ್ಮ, ಹಡಗು ಕಾಯಲ್ಲ," ಅಂದೆ. ಅವಳು ಸೂಜಿಗೆ ದಾರ ಪೋಣಿಸಿದಳು.

ಹಡಗು ಬಿಡುವಾಗ ದಡದಲ್ಲಿ ನಿಂತು ಮಜ್ಜಿಗೆ ಕುಡಿಯುತ್ತಿದ್ದೆ. ಅರ್ಧ ಲೋಟಕ್ಕೆ ಮಜ್ಜಿಗೆ ಹೋಗಿ ಬರೀ ತಣ್ಣಗಿನದೇನೋ ಬಾಯಲ್ಲಿ ಉಳಿಯಿತು. ಉಪ್ಪಿಲ್ಲ, ಹುಳಿಯಿಲ್ಲ, ಶುಂಠಿಯ ಚುರುಕಿಲ್ಲ. ಅಲಮೇಲು ಪಕ್ಕದಲ್ಲೇ ನಿಂತು ಬಾಯಿಗೆ ಒಂದು ಚೂರು ಬೆಲ್ಲ ಹಾಕಿಕೊಂಡಳು, ತಲೆಯಾಡಿಸಿದಳು. ಇಬ್ಬರೂ ಮನೆಗೆ ಬಂದೆವು.

ಮೊದಲ ಹದಿನೈದು ದಿನ ಕಷ್ಟವೇನೂ ಆಗಲಿಲ್ಲ, ನಗುವೇ ಜಾಸ್ತಿ. ಅಲಮೇಲುಗೆ ಸಿಹಿಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಉಪ್ಪು ಖಾರಕ್ಕೆ ಅವಳ ನಾಲಗೆ, ಸಿಹಿಗೆ ಪಕ್ಕದ ಮನೆಯವರ ನಾಲಗೆ. "ಮೂವತ್ತು ವರ್ಷ ನನ್ನ ಸಾರಿಗೆ ಹೆಸರಿಟ್ರಲ್ಲ, ಈಗ ನನ್ನ ನಾಲಗೇನೇ ಬೇಕಾಯ್ತು ನೋಡಿ," ಅಂತ ಅವಳು ದಿನಕ್ಕೆರಡು ಸಲ ಹಂಗಿಸುತ್ತಿದ್ದಳು. ಮನೆಯಲ್ಲಿ ಮಿಕ್ಕಿದ್ದ ಗೊಜ್ಜನ್ನು ಒಂದು ಬಟ್ಟಲಲ್ಲಿಟ್ಟುಕೊಂಡು ನಾನು ಆಗಾಗ ಬೆರಳದ್ದಿ ನೆಕ್ಕುತ್ತಿದ್ದೆ, ಬಂತೇನೋ ಅಂತ.

ನೀರು ತುಂಬುವ ಹಬ್ಬದ ಹೊತ್ತಿಗೆ ಬೀದಿಯಲ್ಲಿ ಐದು ಮನೆಗೆ ಬಂದಿತ್ತು. ನರಕ ಚತುರ್ದಶಿಗೆ ಹತ್ತು ಮನೆ. ನಮ್ಮ ಬೀದಿಯಿಂದ ಹೋದದ್ದು ಹನ್ನೊಂದು ಡಬ್ಬಿ. ಬೀದಿಯಲ್ಲಿ ಪಟಾಕಿ ಹೊಡೆಯುತ್ತಿದ್ದವರು ನಮ್ಮ ಬಾಗಿಲ ಮುಂದೆ ಮಾತ್ರ ಹೊಡೆಯದೆ ಮುಂದೆ ಹೋಗುತ್ತಿದ್ದರು. ಅದು ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದರು. ನಾನು ಹೋಳಿಗೆ ಮುಟ್ಟಲಿಲ್ಲ. ಗೋಡೆ ನೋಡುತ್ತಾ ಕೂತಿದ್ದೆ. ಅಲಮೇಲು ನನ್ನ ಮುಖ ನೋಡುತ್ತಾ ಕೂತಿದ್ದಳು.

ಬಲಿಪಾಡ್ಯಮಿಯ ಬೆಳಿಗ್ಗೆ ಅವಳು ಅಡುಗೆಮನೆಯಿಂದ ಓಡಿ ಬಂದಳು. ಕೈಯಲ್ಲಿ ಬೆಲ್ಲದ ಅಚ್ಚು, ಕಣ್ಣಲ್ಲಿ ನೀರು.

"ಏನೂಂದ್ರೆ! ಬಂತು! ಸಿಹಿ ಬಂತು! ಮಗು ತಿಂದಳು!"

ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ಬೀದಿಯವರೆಲ್ಲ ಒಳಗೆ ನುಗ್ಗಿದರು. ಅಲಮೇಲು ತಟ್ಟೆ ತುಂಬ ಸಕ್ಕರೆ ಹಂಚಿದಳು. ಗಿರಿಯಮ್ಮ ನಮ್ಮನ್ನು ತನ್ನ ಮನೆಗೆ ಎಳೆದುಕೊಂಡು ಹೋಗಿ ಕಾಫಿ ಕೊಟ್ಟಳು, ಆ ಆರು ಚಮಚದ ಕಾಫಿ. ಬಂದವರೆಲ್ಲ ಎಂದಿನಂತೆ ಉಸಿರು ಬಿಗಿಹಿಡಿದು ಕುಡಿದರು. ಅಲಮೇಲು ಗಟಗಟ ಕುಡಿದು ಇನ್ನೊಂದು ಲೋಟ ಕೇಳಿದಳು. ಸಂತೋಷಕ್ಕೆ ಹಾಗೆ ಮಾಡಿದಳು ಅಂದುಕೊಂಡೆ.

ಮನೆಗೆ ಬಂದು ಗೊಜ್ಜಿನ ಬಟ್ಟಲಿಗೆ ಬೆರಳದ್ದಿದೆ. ಮಣ್ಣು ನೆಕ್ಕಿದ ಹಾಗಾಯಿತು. ಆಗ ಹೊಳೆಯಿತು ನೋಡಿ.

ತನ್ನಿಷ್ಟಕ್ಕೆ ಬಿಟ್ಟರೆ ವಾರಿಜ ಯಾವತ್ತೂ ಸಿಹಿ ಮೊದಲು ತಿನ್ನುವವಳಲ್ಲ. ಇದು ಅವರಮ್ಮನಿಗೆ ಗೊತ್ತಿಲ್ಲ. ಮನೆಯಲ್ಲಿ ಅಲಮೇಲು ಎಲೆಯ ತುದಿಗೆ ಮೊದಲು ಪಾಯಸ ಬಡಿಸುತ್ತಾಳೆ, ಮೊದಲು ಸಿಹಿ ತಿನ್ನು ಅಂತ ಕಣ್ಣು ಬಿಡುತ್ತಾಳೆ, ಮಗು ತಿನ್ನುತ್ತಿತ್ತು. ಆದರೆ ಚಿಕ್ಕಂದಿನಿಂದ ನನ್ನ ಜೊತೆ ಮದುವೆಮನೆಗಳಿಗೆ ಬರುತ್ತಿದ್ದಳಲ್ಲ, ಕೊನೆಯ ಪಂಕ್ತಿ ಎದ್ದ ಮೇಲೆ ಅಡುಗೆ ಕೊಟ್ಟಿಗೆಯಲ್ಲಿ ನಾವಿಬ್ಬರೇ ಕೂತು ಉಣ್ಣುವಾಗ ಅವಳದೇ ಕ್ರಮ. ಮೊದಲು ಗೊಜ್ಜನ್ನು ಅನ್ನಕ್ಕೆ ಕಲಸುವ ಮುಂಚೆ ಬೆರಳಲ್ಲಿ ನೆಕ್ಕುವುದು. ಸಿಹಿಯನ್ನು ಬಾಳೆಲೆ ಚೂರಲ್ಲಿ ಮಡಚಿ ಎತ್ತಿಟ್ಟುಕೊಳ್ಳುವುದು. ಎಷ್ಟೋ ಸಲ ಅದನ್ನು ತಿನ್ನುತ್ತಿದ್ದುದು ಮಾರನೆಯ ದಿನ. "ಸಿಹಿ ತಿಂದ್ಬಿಟ್ರೆ ಊಟ ಮುಗಿದುಹೋಯ್ತಲ್ಲಪ್ಪಾ" ಅನ್ನುತ್ತಿದ್ದಳು. ಮೂರು ವರ್ಷದಿಂದ ಗೊಜ್ಜಿಗೆ ಬಾಯಿಬಿಟ್ಟುಕೊಂಡಿದ್ದ ಹುಡುಗಿ, ಪಕ್ಕದಲ್ಲಿ ಗೊಜ್ಜಿನ ಭರಣಿ ಇಟ್ಟುಕೊಂಡು ಮಿಠಾಯಿ ಮೊದಲು ತಿಂದಳೇ? ಸಾಧ್ಯವೇ ಇಲ್ಲ. ಆ ಡಬ್ಬಿ ತೆರೆದದ್ದು ಅವಳ ಕೈಯಲ್ಲ. ಗೊಜ್ಜು ಏನೆಂದೇ ಗೊತ್ತಿಲ್ಲದ ಯಾರದೋ ಕೈ, ಅದನ್ನು ಪಕ್ಕಕ್ಕೆ ಸರಿಸಿ ಮಿಠಾಯಿ ಎತ್ತಿಕೊಂಡಿದೆ. ನಂಜುಂಡಶೆಟ್ಟರ ಮನೆಗೆ ಬಂದ ಕಾಗದದ ಒಂದೊಂದು ಸಾಲೂ ನೆನಪಾಯಿತು.

ಅಲಮೇಲುಗೆ ಹೇಗೆ ಹೇಳಲಿ? ಅವಳು ಇಪ್ಪತ್ತು ದಿನದ ಮೇಲೆ ಹೊಟ್ಟೆತುಂಬ ಉಂಡಿದ್ದಳು, ತುಳಸಿಕಟ್ಟೆ ಬಳಿಯುತ್ತಾ ಹಾಡು ಹೇಳುತ್ತಿದ್ದಳು. "ನಿಮ್ಮ ಗೊಜ್ಜು ಆಮೇಲೆ ತಿಂತಾಳೆ ಬಿಡಿ, ಗಾಬರಿ ಯಾಕೆ?" ಅಂದಳು. "ಹೌದು ಹೌದು," ಅಂದೆ. ಹನ್ನೆರಡು ದಿನ ಹೌದು ಹೌದು ಅನ್ನುತ್ತಲೇ ಇದ್ದೆ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಆ ಕಾಗದ ನನ್ನ ಕೈಗೆ ಬರುವುದು ಬೇಡ, ಅವಳ ಕೈಗಂತೂ ಮೊದಲೇ ಬೇಡ. ತರಕಾರಿ ಹೆಚ್ಚುವಾಗ ಬೆರಳು ಕುಯ್ದುಕೊಂಡೆ. ಅಂಥದ್ದು ನನಗೆ ನಲವತ್ತು ವರ್ಷದಲ್ಲಿ ಆಗಿರಲಿಲ್ಲ.

ತುಳಸಿ ಹಬ್ಬದ ಮಾರನೆಯ ದಿನ ಛತ್ರದಲ್ಲಿ ಮದುವೆ. ಹೆಣ್ಣಿನವರು ನಮ್ಮ ಬೀದಿಯವರೇ, ಗಂಡಿನವರು ಬೇರೆ ಊರಿನವರು. ಬೇರೆ ಅಡುಗೆಯವರನ್ನು ನೋಡಿಕೊಳ್ಳಿ ಅಂದಿದ್ದೆ, ಕೇಳಲಿಲ್ಲ. "ಅಲಮೇಲಮ್ಮನಿಗೆ ಎಲ್ಲಾ ರುಚಿ ಬಂದಿದೆಯಲ್ಲ, ಅವರು ನಿಂತ್ಕೋತಾರೆ," ಅಂದರು. ಸರಿ, ಅವಳನ್ನು ಕರೆದುಕೊಂಡು ಹೋದೆ. ಹುಳಿ, ಪಲ್ಯ, ಕೋಸಂಬರಿ ಎಲ್ಲಕ್ಕೂ ಅವಳೇ ಬಾಯಿ ಹಾಕಿ ನೋಡಿ ಹೇಳಿದಳು. ಶಾವಿಗೆ ಪಾಯಸದ ಹಾಲು ಕುದಿಯುತ್ತಿತ್ತು. ಉಗ್ರಾಣದ ಮೂಲೆಯಲ್ಲಿ ಒಂದರ ಮೇಲೊಂದು ಇದ್ದ ಮೂಟೆಗಳನ್ನು ತೋರಿಸಿ, "ಸಿಹಿ ನಿನಗೆ ಬಿಟ್ಟದ್ದು ಅಲಮೇಲು," ಅಂದು ನಾನು ಒಗ್ಗರಣೆಗೆ ಹೋದೆ. ಸ್ವಲ್ಪ ಹೊತ್ತಿನ ಮೇಲೆ ಬಂದು ಕೇಳಿದೆ.

"ಪಾಯಸ ನೋಡಿದೆಯಾ?"

ಅವಳು ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ಬಾಯಿಗೆ ಹಾಕಿಕೊಂಡಳು. "ಹದವಾಗಿದೆ. ಇಳಿಸಿ," ಅಂದಳು. ಇಳಿಸಿದೆವು.

ಮೊದಲ ಪಂಕ್ತಿ ಕೂತಿತು. ಎಲೆ ತುದಿಗೆ ನಾನೇ ಪಾಯಸ ಬಡಿಸುತ್ತಾ ಹೋದೆ. ಮದುವೆಮನೆಯ ಊಟವೆಂದರೆ ಗಲಾಟೆ, ಕೂಗು, ನಗು. ಪರಿಷೇಚನೆ ಮುಗಿಸಿ ಎಲ್ಲರೂ ಪಾಯಸ ಬಾಯಿಗಿಟ್ಟರು ನೋಡಿ, ಇಡೀ ಛತ್ರ ಗಪ್‌ಚಿಪ್. ಯಾರೂ ತಲೆಯೆತ್ತಲಿಲ್ಲ. ನಂಜುಂಡಶೆಟ್ಟರು ಎಲೆ ನೋಡುತ್ತಾ ಮೆಲ್ಲಗೆ ತಿನ್ನುತ್ತಿದ್ದರು. ಗಂಡಿನ ಕಡೆಯ ಒಬ್ಬ ಹಿರಿಯರು, "ಇದೇನ್ರೀ, ಪಾಯಸಕ್ಕೆ..." ಅಂತ ಬಾಯಿ ತೆಗೆದರು. ಪಕ್ಕದಲ್ಲಿದ್ದ ನಮ್ಮೂರಿನವನು ಅವರ ಮಂಡಿ ಹಿಡಿದು ಅದುಮಿದ. ಅವರು ಕೋಸಂಬರಿಗೆ ಕೈ ಹಾಕಿದರು. ಆ ಮೌನದಲ್ಲಿ ಗಿರಿಯಮ್ಮನ ಎದುರು ಸಾಲಿನವರೊಬ್ಬರು, "ರಂಗಯ್ಯ, ಇಲ್ಲಿಗೆ ಇನ್ನೊಂದು ಸೌಟು ಹಾಕಪ್ಪಾ," ಅಂದರು.

ಆ ಮೌನ ನನಗೆ ಚೆನ್ನಾಗಿ ಪರಿಚಯದ್ದು. ಗಿರಿಯಮ್ಮನ ಮನೆಯ ಕಾಫಿ ಕುಡಿಯುವಾಗ ನಾನೂ ಆರು ವರ್ಷದಿಂದ ಸುಮ್ಮನಿದ್ದೆನಲ್ಲ. ಗಿರಿಯಮ್ಮನಿಗೆ ಮಾತ್ರ ಏನೂ ಗೊತ್ತಾಗಲಿಲ್ಲ, ಅವಳು ಪಕ್ಕದವರ ಮುಖ, ನನ್ನ ಮುಖ ನೋಡಿದಳು. ಆಮೇಲೆ ಕೈಲಿದ್ದ ತುತ್ತನ್ನು ಎಲೆಗೆ ಬಿಟ್ಟುಬಿಟ್ಟಳು.

ಪಾಯಸದ ಬಕೀಟು ಅಲ್ಲೇ ಇಟ್ಟು ಉಗ್ರಾಣಕ್ಕೆ ಹೋದೆ. ಮೂಲೆಯಲ್ಲಿ ಸಕ್ಕರೆ ಮೂಟೆ ಕೂತಿತ್ತು. ಬಾಯಿಯ ಹೊಲಿಗೆ ಹಾಗೇ ಇತ್ತು, ದಾರದ ಒಂದು ಎಳೆಯೂ ಬಿಚ್ಚಿರಲಿಲ್ಲ.

ಅದರ ಮುಂದೆ ಕುಕ್ಕರಿಸಿದೆ. ಸಕ್ಕರೆ ಅವಳು ಹಾಕಿದಳು ಅಂತ ನಾನು, ನಾನು ಹಾಕಿದೆ, ತನ್ನದು ರುಚಿ ನೋಡುವುದಷ್ಟೇ ಅಂತ ಅವಳು. ಅದು ಆಗುವಂಥದ್ದೇ. ಆದರೆ ಸಕ್ಕರೆಯೇ ಇಲ್ಲದ ಪಾಯಸ ಬಾಯಿಗೆ ಹಾಕಿಕೊಂಡು ಹದವಾಗಿದೆ ಅಂದಳಲ್ಲ! ನಮ್ಮೂರಲ್ಲಿ ನಾಲಗೆಯ ವಿಷಯದಲ್ಲಿ ಸುಳ್ಳು ಹೇಳುವುದೆಂದರೆ ದೀಪ ಮುಟ್ಟಿ ಸುಳ್ಳು ಹೇಳಿದ ಹಾಗೆ. ಮೂವತ್ತು ವರ್ಷದಲ್ಲಿ ಆ ಹೆಂಗಸು ನನಗೆ ಒಂದು ಸುಳ್ಳು ಹೇಳಿದವಳಲ್ಲ. ಕೋಪ ನೆತ್ತಿಗೇರಿತು. ಎದ್ದು ನಿಂತೆ. ಎದ್ದು ನಿಂತವನಿಗೆ ಇನ್ನೊಂದು ಹೊಳೆಯಿತು. ಸಿಹಿ ಬಂದೇ ಇಲ್ಲ. ಅಂದರೆ ಮಿಠಾಯಿಯನ್ನು ಯಾರೂ ತಿಂದಿಲ್ಲ. ಹನ್ನೆರಡು ದಿನದಿಂದ ನನ್ನ ಎದೆಯ ಮೇಲೆ ಕೂತಿದ್ದ ಆ ಯಾರದೋ ಕೈ, ಅದು ಇಲ್ಲವೇ ಇಲ್ಲ!

ಅಲಮೇಲು ಬಾಗಿಲಿಗೆ ಬಂದಾಗ ನಾನು ಮೂಟೆ ತಬ್ಬಿಕೊಂಡು ನಗುತ್ತಿದ್ದೆ. ಅವಳು ಮೂಟೆಯ ಹೊಲಿಗೆ ನೋಡಿದಳು.

"ನಿಮ್ಮ ಮುಖ ನೋಡಕ್ಕಾಗ್ತಿರ್ಲಿಲ್ಲ," ಅಂದಳು. "ಊಟ ಬಿಟ್ಟಿದ್ರಿ. ನೀವು ಒಂದು ತುತ್ತು ತಿಂದ್ರೆ ಸಾಕು ಅನ್ನಿಸ್ತು. ನಾಳೆ ನಾಡಿದ್ದರಲ್ಲಿ ಹೇಗೂ ಬರುತ್ತೆ ಅಂದ್ಕೊಂಡೆ. ಬರ್ಲಿಲ್ಲ. ಬೈದ್ಬಿಡಿ ನನ್ನ. ಯಾಕೆ ನಗ್ತೀರಿ? ಹೆದರಿಕೆ ಆಗುತ್ತೆ."

"ಹುಚ್ಚಿ," ಅಂದೆ, "ನೀನು ಅಭಯ ಕೊಡೋಕೆ ಹೋಗಿ ಹನ್ನೆರಡು ದಿನ ನನ್ನ ಜೀವ ತೆಗೆದಿದ್ದೀಯಲ್ಲೇ." ವಾರಿಜಳ ಅಡುಗೆ ಕೊಟ್ಟಿಗೆಯ ಊಟದ ಕ್ರಮವನ್ನು ಹೇಳಿದೆ. ಬೆರಳಲ್ಲಿ ನೆಕ್ಕುವ ಗೊಜ್ಜು, ಎಲೆಯಲ್ಲಿ ಮಡಚಿದ ಸಿಹಿ. ಅವಳು ಕೇಳುತ್ತಾ ಕೇಳುತ್ತಾ ಕೆಳಗೆ ಕೂತಳು.

"ನನಗೆ ಯಾವತ್ತೂ ಹೇಳ್ಲಿಲ್ಲವಲ್ಲ ಅವಳು," ಅಂದಳು. ಅತ್ತದ್ದು ಅದಕ್ಕೆ.

ಚಾಕು ತಂದು ಮೂಟೆಯ ಹೊಲಿಗೆ ಕುಯ್ದೆ. ಎರಡು ಚಿಟಿಕೆ ತೆಗೆದು ಒಂದು ಅವಳ ಬಾಯಿಗೆ, ಒಂದು ನನ್ನ ಬಾಯಿಗೆ ಹಾಕಿದೆ. ಮರಳು ಅಗಿದ ಹಾಗಿತ್ತು.

"ಬಂತಾ?"

"ಇಲ್ಲ. ನಿಮಗೆ?"

"ಇಲ್ಲ. ಸದ್ಯ," ಅಂದೆ. ಎರಡನೇ ಪಂಕ್ತಿಗೆ ಹೊತ್ತಾಗಿತ್ತು. ಪಕ್ಕದ ಮನೆಯವರನ್ನು ಕರೆದು ಅವರ ನಾಲಗೆ ಕೇಳಿ ಪಾಯಸಕ್ಕೆ ಸಕ್ಕರೆ ಬೆರೆಸಿದೆವು. ಸೌಟು ಎತ್ತಿಕೊಳ್ಳುವ ಮುಂಚೆ ಅವಳಿಗೆ ಒಂದು ಮಾತು ಹೇಳಿದೆ. "ನೋಡು, ನನಗೆ ಮೊದಲು ಬಂದರೆ ಊರೆಲ್ಲ ಕೇಳೋ ಹಾಗೆ ಕೂಗ್ತೀನಿ. ನಿನಗೆ ಮೊದಲು ಬಂದರೆ ಮಾತ್ರ ನನಗೆ ಹೇಳಬೇಡ."

ಅವಳು ನನ್ನ ಮುಖವನ್ನೇ ನೋಡಿದಳು. "ಆಯ್ತು," ಅಂದಳು.

ಹಡಗು ಹೋಗಿ ಇವತ್ತಿಗೆ ನಲವತ್ತೊಂದು ದಿನ. ಡಬ್ಬಿ ಎಲ್ಲೋ ದಾರಿಯಲ್ಲಿದೆ, ದಂಡು ಜಾಗ ಬದಲಾಯಿಸಿದೆ, ಅಂತೆಲ್ಲ ಬೀದಿಯವರು ಹೇಳುತ್ತಾರೆ. ಇರಬಹುದು. ಬೆಳಿಗ್ಗೆ ಎದ್ದರೆ ನಮ್ಮಿಬ್ಬರದೂ ಒಂದೇ ಕೆಲಸ. ನಾನು ಬೆರಳಿಗೆ ಗೊಜ್ಜು ಹಚ್ಚಿಕೊಳ್ಳುತ್ತೇನೆ, ಅವಳು ಸಕ್ಕರೆ ಹಾಕಿದ ಕಾಫಿ ಕುಡಿಯುತ್ತಾಳೆ. ಸಿಹಿ ಹೋದವರಿಗೆ ಕಾಫಿ ಬರೀ ಕಹಿಯಲ್ಲವೇ, ಕಷಾಯದ ಹಾಗೆ ಮೂಗು ಸಿಂಡರಿಸಿ ಒಂದೇ ಗುಟುಕಿಗೆ ಎತ್ತಿಬಿಡುತ್ತಾಳೆ. ಮದುವೆಯ ಮಾರನೆಯ ದಿನದಿಂದ ನಿನ್ನೆಯವರೆಗೂ ಹಾಗೆಯೇ ಕುಡಿದಳು.

ಈ ಬೆಳಿಗ್ಗೆ ಒಂದು ಗುಟುಕು ಕುಡಿದವಳು ಲೋಟ ಹಿಡಿದುಕೊಂಡು ಹಾಗೇ ನಿಂತಳು. ಕಿಟಕಿಯ ಕಡೆ ತಿರುಗಿದಳು. ಆಮೇಲೆ ಮಿಕ್ಕಿದ್ದನ್ನು ಮೆಲ್ಲಗೆ, ಸ್ವಲ್ಪ ಸ್ವಲ್ಪವೇ ಕುಡಿದು ಮುಗಿಸಿದಳು. ಲೋಟ ತೊಳೆದಳು, ಬೋರಲು ಹಾಕಿದಳು.

ನಾನು ಗೊಜ್ಜಿಗೆ ಬೆರಳದ್ದಿ ನೆಕ್ಕಿದೆ. ಏನೂ ಇಲ್ಲ.

"ಬಂತಾ?" ಅಂದಳು, ನನ್ನ ಕಡೆ ತಿರುಗದೆ.

"ಇಲ್ಲ," ಅಂದೆ. ನಾನು ಅವಳನ್ನು ಕೇಳಲಿಲ್ಲ.